ಮನೆಗೆಲಸದವರೂ ನಮ್ಮ ಮನೆಗಳೂ

(ಶತಮಾನೋತ್ಸವ ವರ್ಷದ ಕುಟುಂಬ ದಿನದಂದು ದೇವಾಲಯದ ಸಭಾಂಗಣದಲ್ಲಿ ವಿಚಾರಣೆಯ ಗುರುಗಳು ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಯ ಸಮಿತಿಯವರು ಕೆಲವು ವಾರಗಳ ಹಿಂದೆ ನಮ್ಮ ಮುಂದೆ ಒಂದು ಪಟ್ಟಿಯನ್ನಿರಿಸಿದರು. ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರು, ಅವರು ಬಂದುಹೋದ ವರ್ಷಗಳು, ಗಂಟೆ ಕೊಡಿಸಿದವರು, ಪೀಠಕ್ಕೆ ಕಲ್ಲು ಕೊಟ್ಟವರು, ಶಾಲೆಗೆ ನೆಲ ಬಿಟ್ಟುಕೊಟ್ಟವರು, ಎಲ್ಲರೂ ಅದರಲ್ಲಿದ್ದರು. ಶ್ರಮಪಟ್ಟು ಮಾಡಿದ ಪಟ್ಟಿ. ಅದನ್ನು ಓದುತ್ತಿರುವಾಗ ಒಳಗಿನಿಂದ ಕಾಫಿ ಬಂದಿತು. ಆಗ ನಮಗೊಂದು ಪ್ರಶ್ನೆ ಹುಟ್ಟಿತು: ಈ ನೂರು ವರ್ಷವೂ ಈ ಗುರುಗಳಿಗೆಲ್ಲ ಅನ್ನ ಬೇಯಿಸಿದವರು ಯಾರು?

ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆಸಿ ನೋಡಿದೆವು. ಸೀಮೆಎಣ್ಣೆಗೆ ಇಷ್ಟು, ಮೇಣದಬತ್ತಿಗೆ ಇಷ್ಟು, ದ್ರಾಕ್ಷಾರಸಕ್ಕೆ ಇಷ್ಟು, ‘ಅಡುಗೆಯವಳಿಗೆ’ ಇಷ್ಟು. ಮೇಣದಬತ್ತಿ ಮಾರಿದ ಅಂಗಡಿಯವನ ಹೆಸರಿದೆ, ಅಡುಗೆಯವಳ ಹೆಸರಿಲ್ಲ. ಜ್ಞಾನಸ್ನಾನದ ದಾಖಲೆಯಲ್ಲಿ ಆಕೆಯ ಹೆಸರು ಇದ್ದೇ ಇರುತ್ತದೆ, ಮರಣದ ದಾಖಲೆಯಲ್ಲಿಯೂ ಇರುತ್ತದೆ. ನಡುವಿನ ಬದುಕಿನಲ್ಲಿ, ಅಂದರೆ ನಮಗಾಗಿ ದುಡಿದ ಬದುಕಿನಲ್ಲಿ, ಆಕೆ ಖರ್ಚಿನ ಒಂದು ಬಾಬ್ತು ಮಾತ್ರ.

ಕುಟುಂಬ ಪ್ರಾರ್ಥನೆಯ ಕುರಿತು ಮಾತನಾಡಬೇಕೆಂದು ನಮ್ಮನ್ನು ಕೇಳಿಕೊಂಡಿದ್ದರು. ಕ್ಷಮಿಸಬೇಕು, ಇಂದು ಕುಟುಂಬದೊಳಗೇ ಇದ್ದು ಕುಟುಂಬದ ಲೆಕ್ಕಕ್ಕೆ ಸೇರದವರ ಕುರಿತು ಮಾತನಾಡುತ್ತೇವೆ. ಈ ಸಭೆಯಲ್ಲಿ ಮನೆಗೆಲಸಕ್ಕೆ ಜನರನ್ನಿಟ್ಟುಕೊಂಡವರಿದ್ದೀರಿ, ಮನೆಗೆಲಸಕ್ಕೆ ಹೋಗುವವರೂ ಇದ್ದೀರಿ. ಪರಮಪ್ರಸಾದದ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುತ್ತೀರಿ. ಆದರೂ ಒಬ್ಬರಿಗೊಬ್ಬರು ಹೇಳಿಕೊಳ್ಳದ ಮಾತುಗಳು ಬಹಳ ಇವೆ.

ಬೇರೆಯವರ ತಪ್ಪನ್ನೆತ್ತುವ ಮೊದಲು ನಮ್ಮದನ್ನು ಹೇಳಿಬಿಡುವುದು ನ್ಯಾಯ. ಬಹಳ ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ನಾವಿದ್ದಾಗ, ಗುರುಮನೆಯ ಅಡುಗೆಗೆ ಒಬ್ಬ ವಿಧವೆ ತಾಯಿ ಇದ್ದರು. ಬೆಳಗಿನ ಪೂಜೆಯ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಅವರು ಒಲೆ ಹಚ್ಚಿರುತ್ತಿದ್ದರು. ರಾತ್ರಿ ನಮ್ಮ ಊಟದ ತಟ್ಟೆ ತೊಳೆದಿಟ್ಟು ಮನೆ ಸೇರುವಾಗ ಎಂಟೂವರೆ. ಭಾನುವಾರ ಬಂದರೆ ಅತಿಥಿಗಳು, ಕೆಲಸ ಇಮ್ಮಡಿ. ಅಂತಹ ಒಂದು ಭಾನುವಾರ ನಾವು ದೇವರ ಮೂರನೆಯ ಕಟ್ಟಳೆಯ ಮೇಲೆ ಪ್ರಬೋಧನೆ ಮಾಡಿದೆವು. ಯಜಮಾನನಿಗಷ್ಟೇ ಅಲ್ಲದೆ ಅವನ ಆಳಿಗೂ ಎತ್ತಿಗೂ ಆ ದಿನ ಬಿಡುವು ಸಲ್ಲಬೇಕೆಂದು ಮೋಶೆಯ ಧರ್ಮಶಾಸ್ತ್ರವೇ ವಿಧಿಸಿದೆಯೆಂದು ಒತ್ತಿ ಒತ್ತಿ ಹೇಳಿದೆವು. ಪೂಜೆ ಮುಗಿಸಿ ಬಂದಾಗ ಆ ತಾಯಿ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು, “ಸ್ವಾಮಿ, ಆ ಭಾನ್ವಾರ ನಮಗೂ ಐತಾ?” ಎಂದರು.

“ನೀವು ರಜೆ ಹಾಕಿದರೆ ನಮ್ಮ ಗತಿ ಏನಮ್ಮಾ?” ಎಂದು ನಾವು ನಕ್ಕೆವು. ಅವರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಮುಂದೆ ಕಾಲುಗಳು ಬಾತು ನಿಲ್ಲಲಾರದೆ ಅವರು ಕೆಲಸ ಬಿಟ್ಟರು. ನಾವು ಸಭೆ ಸೇರಿಸಿ ಶಾಲು ಹೊದಿಸಿ, ಹಣ್ಣು ಕೊಟ್ಟು, ಒಂದು ಲಕೋಟೆಯನ್ನೂ ಕೈಗಿತ್ತೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಲಕೋಟೆಯಲ್ಲಿದ್ದ ಹಣವನ್ನು ಅವರು ದುಡಿದ ವರ್ಷಗಳಿಂದ ಭಾಗಿಸಿದರೆ ವರ್ಷಕ್ಕೊಂದು ಸೀರೆಯ ಬೆಲೆಯೂ ಬರುತ್ತಿರಲಿಲ್ಲ. ನಮಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಮೂರು ತಿಂಗಳ ಮೇಲೆ ತಿಳಿಯಿತು. ನಾವು ಅವರನ್ನು ಒಂದು ದಿನವೂ ಗದರಿಸಿದ್ದಿಲ್ಲ. ಹಬ್ಬಕ್ಕೆ ಬಟ್ಟೆ ಕೊಡಲು ಮರೆತದ್ದಿಲ್ಲ. ನಮ್ಮನ್ನು ಮರುಳುಗೊಳಿಸಿದ್ದೇ ಅದು. ದಯೆ ತೋರಿದೆವು, ಸಾಲ ತೀರಿತು ಎಂದುಕೊಂಡೆವು.

ಹಾಗೆಂದುಕೊಳ್ಳಲು ನಮಗೆ ಯಾರೂ ಕಲಿಸಿರಲಿಲ್ಲ, ಇದು ನಿಜ. 1891ರ ಮೇ 15ರಂದು ಹದಿಮೂರನೆಯ ಲಿಯೋ ಜಗದ್ಗುರುಗಳು ಹೊರಡಿಸಿದ ‘ರೇರುಮ್ ನೋವಾರುಮ್’ ವಿಶ್ವಪರಿಪತ್ರವನ್ನು ಗುರುಮಠದಲ್ಲಿ ಸಾಲುಸಾಲಾಗಿ ಓದಿದ್ದೆವು. ನ್ಯಾಯವಾಗಿ ಸಲ್ಲತಕ್ಕದ್ದನ್ನು ದಾನದ ರೂಪದಲ್ಲಿ ಕೊಟ್ಟು ಕೈತೊಳೆದುಕೊಳ್ಳಲಾಗದೆಂದು 1937ರಲ್ಲಿ ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ಬರೆದುದನ್ನು ಪರೀಕ್ಷೆಯಲ್ಲಿ ಉತ್ತರವಾಗಿ ಬರೆದಿದ್ದೆವು. 1981ರ ಸೆಪ್ಟೆಂಬರ್ 14ರಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳ ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಹೊರಬಂದಾಗ ನಾವಿನ್ನೂ ವಿದ್ಯಾರ್ಥಿಗಳು. ಕೆಲಸದ ಬೆಲೆಯನ್ನು ಮೊದಲು ಅಳೆಯಬೇಕಾದದ್ದು ಅದು ಎಂತಹ ಕೆಲಸ ಎಂಬುದರಿಂದಲ್ಲ, ಅದನ್ನು ಮಾಡುವವನು ಮನುಷ್ಯನೆಂಬುದರಿಂದ ಎಂಬ ಅದರ ತಿರುಳಿನ ಮೇಲೆ ಒಂದು ಸಂಜೆಯಿಡೀ ಚರ್ಚಿಸಿದೆವು. ಚರ್ಚೆ ಮುಗಿಸಿ ಊಟಕ್ಕೆ ಹೋದೆವು. ಬಡಿಸಿದವರ ಹೆಸರನ್ನು ನಮ್ಮಲ್ಲೊಬ್ಬರೂ ಕೇಳಲಿಲ್ಲ.

ಮನೆಗೆಲಸದವರಿಗೆ ಆದರ್ಶವಾಗಿ ನಾವು ಸಂತ ಜೀತಾಳನ್ನು ತೋರಿಸುತ್ತೇವೆ. ಇಟಲಿಯ ಲುಕ್ಕಾ ಪಟ್ಟಣದಲ್ಲಿ ಹನ್ನೆರಡನೆಯ ವಯಸ್ಸಿಗೆ ಒಂದು ವ್ಯಾಪಾರಿ ಮನೆತನದ ಕೆಲಸಕ್ಕೆ ಸೇರಿ, 1272ರಲ್ಲಿ ಸಾಯುವವರೆಗೂ ಅದೇ ಮನೆಯಲ್ಲಿ ದುಡಿದವಳು. 1696ರಲ್ಲಿ ಸಂತ ಪದವಿಗೇರಿದವಳು. ಬೈಗುಳ ಏಟುಗಳನ್ನು ಸಹಿಸಿಕೊಂಡಳೆಂದು ಆಕೆಯ ಚರಿತ್ರೆ ಹೇಳುತ್ತದೆ. ಆ ಸಹನೆಯನ್ನು ನಾವೂ ಎಷ್ಟೋ ಸಲ ಹೊಗಳಿದ್ದೇವೆ. ಬೈದವರು ಯಾರು, ಹೊಡೆದವರು ಯಾರು, ಪೂಜೆಗೆ ಹೋಗುವ ಆ ಮನೆತನದವರಿಗೆ ಅದು ಪಾಪವೆಂದು ಏಕೆ ತೋರಲಿಲ್ಲ ಎಂಬುದರ ಮೇಲೆ ಒಂದು ಪ್ರಬೋಧನೆಯನ್ನೂ ಮಾಡಿದ ನೆನಪಿಲ್ಲ. ಸಂತರ ಚರಿತ್ರೆಯನ್ನು ಆಳುಗಳಿಗೆ ಮಾತ್ರ ಓದಿ ಹೇಳುವ ಅಭ್ಯಾಸ ನಮ್ಮದು. ಲೀಮಾ ಪಟ್ಟಣದ ಸಂತ ಮಾರ್ಟಿನ್ ದೆ ಪೊರೆಸ್‌ರ ಚಿತ್ರದಲ್ಲಿ ಪೊರಕೆಯಿದೆ. ಅವರು ಮಠಕ್ಕೆ ಸೇರಿದಾಗ, ತಾಯಿಯ ಕುಲದ ಕಾರಣಕ್ಕಾಗಿ, ಅವರನ್ನು ಸೇವಕರ ಸಾಲಿನಲ್ಲೇ ಇರಿಸಿಕೊಂಡರೆಂಬುದನ್ನು ಪೊರಕೆಯನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ಮನೆ ಮಂತ್ರಿಸಲು ಬಂದಾಗ ನಾವು ಅಡುಗೆಮನೆ, ಹಿತ್ತಿಲವರೆಗೂ ತೀರ್ಥ ತಳಿಯುತ್ತೇವೆ; ಕಣ್ಣಿಗೆ ಬೀಳುವುದೆಲ್ಲ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಬಚ್ಚಲ ಕಿಟಕಿಯ ಮೇಲೆ ಒಂದು ಲೋಟ, ಒಂದು ತಟ್ಟೆ ಬೇರೆಯಾಗಿ ಇರುತ್ತವೆ. ಅವು ಯಾರವೆಂದು ನಾವು ಕೇಳುವುದಿಲ್ಲ, ನೀವೂ ಹೇಳುವುದಿಲ್ಲ. ನಮ್ಮಲ್ಲಿ ಜಾತಿಯಿಲ್ಲವೆಂದು ವೇದಿಕೆಯ ಮೇಲೆ ಹೇಳುವವರ ಮನೆಯಲ್ಲೂ ಆ ಲೋಟವನ್ನು ಕಂಡಿದ್ದೇವೆ. ಮನೆಯವರೆಲ್ಲ ಪೀಠದ ಮುಂದೆ ಮೊಣಕಾಲೂರಿದಾಗ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲ ಮರೆಯಲ್ಲಿ ನಿಂತ ಹೆಣ್ಣುಮಗಳು ನಮ್ಮ ಸಭೆಯವಳೇ ಆಗಿದ್ದರೂ ಒಳಗೆ ಬಾ ಎಂದು ಕರೆದವರು ಕಡಿಮೆ.

ಇದೇ ಶತಮಾನೋತ್ಸವದ ಮಾತೂ ಉಂಟು. ಮಹಾಪೂಜೆಯನ್ನು ಬೆಳಿಗ್ಗೆ ಒಂಬತ್ತೂವರೆಗೆ ಇಟ್ಟವರು ನಾವೇ. ಪ್ರತಿ ಭಾನುವಾರ ಆರು ಗಂಟೆಯ ಪೂಜೆಗೆ ಬಂದು ಏಳೂವರೆಗೆ ನಾಲ್ಕು ಮನೆಗಳ ಪಾತ್ರೆಗೆ ಓಡುವ ಹೆಂಗಸರಲ್ಲಿ ಎಷ್ಟೋ ಮಂದಿಗೆ ಅಂದು ಬರಲಾಗಲಿಲ್ಲ. ನಿಮ್ಮ ಮನೆಗಳಲ್ಲಿ ನೆಂಟರು ತುಂಬಿದ್ದರು. ಅವರ ಧರ್ಮಕೇಂದ್ರಕ್ಕೂ ನೂರು ವರ್ಷವಾಗಿತ್ತೆಂಬುದು ಅವರಿಗೆ ನೆನಪಿತ್ತು, ನಮಗೆ ನೆನಪಿರಲಿಲ್ಲ.

ಲೋಕವು ಈ ವಿಷಯದಲ್ಲಿ ನಮಗಿಂತ ತಡವಾಗಿ ಎಚ್ಚರಗೊಂಡಿತು, ಆದರೂ ನಮಗಿಂತ ಮುಂದೆ ಹೋಯಿತು. ಮುಂಬಯಿಯಲ್ಲಿ 1985ರಲ್ಲಿ ಸಿಸ್ಟರ್ ಜೀನ್ ಡಿವೋಸ್ ಎಂಬ ಬೆಲ್ಜಿಯಂ ದೇಶದ ಕನ್ಯಾಸ್ತ್ರೀಯೊಬ್ಬರು ಮನೆಗೆಲಸದವರನ್ನು ಸಂಘಟಿಸಲು ರಾಷ್ಟ್ರೀಯ ಗೃಹಕಾರ್ಮಿಕರ ಚಳವಳಿಯನ್ನು ಆರಂಭಿಸಿದರು. ಇದು ಧರ್ಮಸಭೆಗೆ ಗೌರವ. ನಮ್ಮ ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2011ರ ಜೂನ್ 16ರಂದು ಅಂಗೀಕರಿಸಿದ 189ನೆಯ ಒಡಂಬಡಿಕೆಯಲ್ಲಿ ಮನೆಗೆಲಸದವರಿಗೆ ವಾರಕ್ಕೊಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿ ಇರಬೇಕೆಂದಿದೆ. ನಮ್ಮ ದೇಶ ಅದನ್ನು ಸ್ಥಿರೀಕರಿಸಿಲ್ಲ. ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾನೂನಿನಲ್ಲಿ ಮನೆಯೂ ಕೆಲಸದ ಸ್ಥಳವೇ. ಮನೆಗೆಲಸದವಳೂ ದೂರು ಕೊಡಬಹುದು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರ ರಕ್ಷಣೆಗೆ ಕಾನೂನಿನ ಚೌಕಟ್ಟನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಕಾನೂನು ನಿಧಾನವಾಗಿ ಬರುತ್ತದೆ. ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂಬ ವಿಧಿಯಾದರೋ ನಮ್ಮ ಪವಿತ್ರ ಗ್ರಂಥದಲ್ಲಿ ಮೊದಲಿನಿಂದಲೂ ಇದೆ. ಕೂಲಿಯನ್ನು ತಡೆಹಿಡಿಯುವುದನ್ನು ಹಳೆಯ ಜ್ಞಾನೋಪದೇಶವು ಕೊಲೆಯ ಜೊತೆಗೆ, ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಇರಿಸಿತ್ತು. ಆದರೂ ಆತ್ಮಶೋಧನೆಗೆಂದು ನಾವು ಅಚ್ಚು ಹಾಕಿಸಿ ಹಂಚುವ ಪ್ರಶ್ನೆಗಳ ಚೀಟಿಯಲ್ಲಿ ಈ ಪ್ರಶ್ನೆಯಿಲ್ಲ. ಹೋದ ವಾರ ತೆಗೆದು ನೋಡಿದೆವು.

ನಿಮ್ಮ ಮನಸ್ಸಿನಲ್ಲಿರುವ ಉತ್ತರವನ್ನೂ ನಾವು ಬಲ್ಲೆವು. “ಸ್ವಾಮಿ, ನಾವೇನು ಸಾಹುಕಾರರೇ? ಪಿಂಚಣಿಯಲ್ಲಿ ಬದುಕುವವರು.” ಈ ಮಾತಿನಲ್ಲಿ ಸತ್ಯವಿದೆ, ವಯಸ್ಸಾದ ದಂಪತಿಗಳಿಗೆ ಔಷಧಿಯ ಖರ್ಚೇ ಹೊರೆ. ಕೊಡಲಾಗದಿದ್ದರೆ ಕೆಲಸದ ಹೊತ್ತನ್ನು ಕಡಿಮೆ ಮಾಡಿರಿ; ಸಂಬಳವನ್ನು ಕಡಿಮೆ ಮಾಡಿ ಹೊತ್ತನ್ನು ಹಾಗೆಯೇ ಉಳಿಸಿಕೊಳ್ಳಬೇಡಿರಿ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ, ಇಬ್ಬರು ಮಕ್ಕಳು ಹೊರದೇಶದಲ್ಲಿರುವ ಒಂದು ಮನೆಯವರು, ಕೆಲಸಕ್ಕೆ ಬಾರದ ತಿಂಗಳಿಗೆ ಸಂಬಳವೇಕೆಂದು ನಮ್ಮನ್ನೇ ಕೇಳಿದರು. ಅದೇ ಬೀದಿಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮೂರು ತಿಂಗಳ ಸಂಬಳವನ್ನು ಗೇಟಿನ ಬಳಿ ಕರೆದು ಕೈಗೆ ಕೊಟ್ಟರು. ಯಾರಿಗೆ ಅನುಕೂಲವಿತ್ತು, ಯಾರಿಗಿರಲಿಲ್ಲ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಉತ್ತರವಿದೆ: “ನಾವು ಅವಳನ್ನು ಮನೆಯವಳಂತೆ ನೋಡಿಕೊಳ್ಳುತ್ತೇವೆ.” ಮನೆಯವಳಾದರೆ ಊಟಕ್ಕೆ ಎಲ್ಲಿ ಕೂರುತ್ತಾಳೆ? ಜ್ವರ ಬಂದರೆ ಆ ದಿನದ ಹಣ ಕಡಿಯುತ್ತೀರೋ? ಮನೆಯವಳೆಂಬ ಮಾತನ್ನು ಹೆಚ್ಚಿನ ಕೆಲಸ ಹೇಳುವಾಗ ನೆನೆಯುತ್ತೇವೆ, ಹೆಚ್ಚಿನ ಸಂಬಳ ಕೇಳಿದಾಗ ಮರೆಯುತ್ತೇವೆ. ಅವಳಿಗೆ ಅವಳದೇ ಮನೆಯಿದೆ, ಅಲ್ಲಿ ಅವಳನ್ನು ಕಾಯುವ ಮಕ್ಕಳಿದ್ದಾರೆ. ನಮ್ಮ ಮನೆಯವಳಾಗುವುದಕ್ಕಿಂತ ಹೊತ್ತಿಗೆ ಸರಿಯಾಗಿ ತನ್ನ ಮನೆ ಸೇರುವುದೇ ಅವಳಿಗೆ ಬೇಕಾಗಿರಬಹುದು. ಒಮ್ಮೆ ಕೇಳಿ ನೋಡಿರಿ.

ಕೆಲಸಕ್ಕೆ ಹೋಗುವ ತಾಯಂದಿರಿಗೂ ಒಂದು ಮಾತು. ಸಹನೆ ಒಳ್ಳೆಯದು, ಆದರೆ ಲೆಕ್ಕ ಕೇಳುವುದು ಕೃತಘ್ನತೆಯಲ್ಲ. ಎಷ್ಟು ಗಂಟೆ, ಯಾವ ಯಾವ ಕೆಲಸ, ಸಂಬಳ ಯಾವ ತಾರೀಖು, ರಜೆ ಯಾವ ವಾರ ಎಂಬುದನ್ನು ಸೇರುವ ದಿನವೇ ಮಾತನಾಡಿಕೊಳ್ಳಿರಿ. ಬಾಯಿ ಬಾರದಿದ್ದರೆ ಗುರುಮನೆಗೆ ಬನ್ನಿರಿ. ಒಂದು ಹಾಳೆಯ ಮೇಲೆ ಬರೆದುಕೊಡಲು ನಮ್ಮ ಯುವಕ ಸಂಘದವರು ಒಪ್ಪಿದ್ದಾರೆ.

ಮೊದಲ ಹಾಳೆಯನ್ನು ನಾವೇ ಬರೆಸಿದೆವು. ಈಗ ಗುರುಮನೆಯಲ್ಲಿ ಅಡುಗೆ ಮಾಡುವ ತಾಯಿ ಬೆಳಿಗ್ಗೆ ಏಳಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಹೋಗುತ್ತಾರೆ. ರಾತ್ರಿಯ ಊಟ ನಾವೇ ಬಿಸಿಮಾಡಿಕೊಳ್ಳುತ್ತೇವೆ. ಎರಡು ಸಲ ಸಾರು ಸೀದಿದೆ. ತಿಂಗಳ ಸಂಬಳದ ಜೊತೆಗೆ ಅವರ ಹೆಸರಿನ ಬ್ಯಾಂಕ್ ಖಾತೆಗೆ ಮುಪ್ಪಿನ ಕಾಲಕ್ಕೆಂದು ಒಂದು ಮೊತ್ತವನ್ನು ಧರ್ಮಕೇಂದ್ರ ಕಟ್ಟುತ್ತದೆ. ಆರ್ಥಿಕ ಸಮಿತಿಯಲ್ಲಿ ಇದಕ್ಕೆ ವಿರೋಧವೂ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಭಾನುವಾರ ಅವರಿಗೆ ರಜೆ. ಆದ್ದರಿಂದ ಬರುವ ಭಾನುವಾರ ಗುರುಮನೆಗೆ ಊಟಕ್ಕೆಂದು ಬರುವ ಅತಿಥಿಗಳು ದಯವಿಟ್ಟು ಬುತ್ತಿ ಕಟ್ಟಿಕೊಂಡು ಬರಬೇಕು.

ಸ್ಮರಣ ಸಂಚಿಕೆಯಲ್ಲಿ ಗುರುಗಳ ಪಟ್ಟಿಯ ಎದುರಿನ ಪುಟವನ್ನು ಖಾಲಿ ಬಿಡಿಸಿದ್ದೇವೆ. ಗುರುಮನೆಯಲ್ಲಿ, ಕನ್ಯಾಮಠದಲ್ಲಿ ಅಡುಗೆ ಮಾಡಿದವರು, ದೇವಾಲಯ ಗುಡಿಸಿದವರು, ಸಮಾಧಿಯ ಗುಣಿ ತೋಡಿದವರು, ಇವರ ಹೆಸರುಗಳಿಗಾಗಿ. ಊರಿನ ಹಿರಿಯರನ್ನು ವಿಚಾರಿಸಿದಾಗ ಇದುವರೆಗೆ ಹನ್ನೊಂದು ಸಿಕ್ಕಿವೆ. ಅವುಗಳಲ್ಲಿ ಮೂರು, ‘ಇಂಥವರ ಅಜ್ಜಿ’ ಎಂದಷ್ಟೇ ನೆನಪಿನಲ್ಲಿರುವವು. ನಿಮ್ಮ ಮನೆಯ ಅಜ್ಜಿಯೋ ಸೋದರತ್ತೆಯೋ ಅವರಲ್ಲಿದ್ದರೆ, ಪುಟ ಅಚ್ಚಿಗೆ ಹೋಗುವ ಮುನ್ನ ಹೆಸರನ್ನು ಕಚೇರಿಯಲ್ಲಿ ಬರೆಸಿರಿ. ತಲೆತಗ್ಗಿಸಿಕೊಂಡು ಗುಟ್ಟಾಗಿ ಹೇಳಬೇಕಾದ ವಿಷಯ ಇದಲ್ಲ. ಮಂಗಳವಾರದವರೆಗೆ ಸಮಯವಿದೆ.