ಜಾಲದಲ್ಲಿ ಕಡತಗಳ ಸರ್ವರ್ ದೊರೆಯದಾದಾಗ



ಒಂದು ಸಂಘದ ಕಾರ್ಯಾಲಯವನ್ನು ಕಲ್ಪಿಸಿಕೊಳ್ಳೋಣ. ಸದಸ್ಯರ ಪಟ್ಟಿ, ಲೆಕ್ಕಪತ್ರ, ವಿದ್ಯಾರ್ಥಿವೇತನದ ಅರ್ಜಿಗಳು ಎಲ್ಲವೂ ಒಂದೇ ಸರ್ವರಿನಲ್ಲಿವೆ. (‘ಪರಿಚಾರಕ’ ಎಂಬ ಅನುವಾದ ಹೋಟೆಲಿನ ಮಾಣಿಯನ್ನು ನೆನಪಿಗೆ ತರುವುದರಿಂದ ‘ಸರ್ವರ್’ ಎಂದೇ ಉಳಿಸಿಕೊಂಡಿದ್ದೇನೆ.) ವಿದ್ಯಾರ್ಥಿಗಳ ಪಟ್ಟಿ ಸಂಜೆಯೊಳಗೆ ಬ್ಯಾಂಕನ್ನು ಸೇರಬೇಕಾದ ದಿನವೇ, ಜಾಲದ ಮಾರ್ಗ ಕಂಡುಬಂದಿಲ್ಲವೆಂಬ ಸೂಚನೆ ಗಣಕಯಂತ್ರಗಳ ತೆರೆಯ ಮೇಲೆ ಮೂಡುತ್ತದೆ. ಆಗ ಒಬ್ಬರು ಸರ್ವರನ್ನು ಆರಿಸಿ ಮತ್ತೆ ಚಾಲೂ ಮಾಡುತ್ತಾರೆ, ಇನ್ನೊಬ್ಬರು ಫೈರ್‌ವಾಲನ್ನೇ ನಿಲ್ಲಿಸುತ್ತಾರೆ, ಮತ್ತೊಬ್ಬರು ತಂತಿಗಳನ್ನೆಲ್ಲ ಕಿತ್ತು ಜೋಡಿಸುತ್ತಾರೆ. ಇಷ್ಟೂ ಒಟ್ಟಿಗೆ ನಡೆದ ಮೇಲೆ ದೋಷ ಎಲ್ಲಿತ್ತೆಂದು ಹೇಳುವವರು ಯಾರು?

ಸರ್ವರಿಗೆ ತನ್ನದೇ ತೆರೆ ಮತ್ತು ಕೀಲಿಮಣೆ ಇದ್ದರೆ, ಅಲ್ಲಿಯೇ ಕಡತವನ್ನು ತೆರೆದು ಆ ದಿನದ ಪಟ್ಟಿಯನ್ನು ಮೊದಲು ಹೊರತೆಗೆಯಬೇಕು. ಶೋಧನೆ ಅನಂತರದ ಮಾತು.

ತೊಂದರೆ ಒಬ್ಬರಿಗೋ, ಎಲ್ಲರಿಗೋ? ಒಬ್ಬರಿಗೆ ಮಾತ್ರವಾದರೆ ಆ ಯಂತ್ರದಿಂದಲೇ ಆರಂಭಿಸುವುದು ಯುಕ್ತ. ವಿಂಡೋಸ್ ಯಂತ್ರದಲ್ಲಿ ‘ಐಪಿಕಾನ್ಫಿಗ್’ ಎಂಬ ಆದೇಶವಿತ್ತಾಗ ವಿಳಾಸವು 169.254 ಎಂದು ಆರಂಭವಾದರೆ, ವಿಳಾಸ ಹಂಚುವ ರೂಟರಿನಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ ಎಂದರ್ಥ. ತಂತಿಯನ್ನೋ ವೈಫೈಯನ್ನೋ ಪರೀಕ್ಷಿಸಬೇಕು.

ಎಲ್ಲರಿಗೂ ತೊಂದರೆಯಿದ್ದರೆ, ಸರ್ವರನ್ನು ಹೆಸರಿನ ಬದಲು ಅಂಕಿಗಳ ವಿಳಾಸದಿಂದ ಕರೆದು ನೋಡಿರಿ. ತೆರೆದುಕೊಂಡರೆ ದೋಷವು ಹೆಸರನ್ನು ವಿಳಾಸವಾಗಿಸುವ ವ್ಯವಸ್ಥೆಯಲ್ಲಿದೆ. ವಿದ್ಯುತ್ ಹೋಗಿ ಬಂದ ಮೇಲೆ ರೂಟರು ಸರ್ವರಿಗೆ ಬೇರೆ ವಿಳಾಸವನ್ನು ಕೊಟ್ಟಿರುವುದೂ ಉಂಟು; ರೂಟರಿನಲ್ಲಿ ಒಂದು ವಿಳಾಸವನ್ನು ಸರ್ವರಿಗೆಂದೇ ಕಾಯ್ದಿರಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ. ‘ಪಿಂಗ್’ ಆದೇಶಕ್ಕೆ ಉತ್ತರ ಬಾರದ ಮಾತ್ರಕ್ಕೆ ಸರ್ವರ್ ಕೆಟ್ಟಿದೆಯೆಂದು ನಿರ್ಧರಿಸಲಾಗದು; ಫೈರ್‌ವಾಲ್ ಅದನ್ನು ತಡೆದಿರಬಹುದು. ಕಡತಗಳು ಸಾಗುವುದು ಎಸ್‌ಎಂಬಿ ಎಂಬ ನಿಯಮಾವಳಿಯಂತೆ, ಸಾಮಾನ್ಯವಾಗಿ 445ನೆಯ ಪೋರ್ಟಿನ ಮೂಲಕ. ರೂಟರನ್ನು ಬದಲಿಸಿದಾಗ ವಿಂಡೋಸ್ ಸರ್ವರು ಹೊಸ ಜಾಲವನ್ನು ‘ಸಾರ್ವಜನಿಕ’ವೆಂದು ಗುರುತಿಸಿ ಈ ಬಾಗಿಲನ್ನು ಮುಚ್ಚಿಬಿಡಬಹುದು. ಕಾರ್ಯಾಲಯದ ಜಾಲವನ್ನು ‘ಖಾಸಗಿ’ ಎಂದು ಬದಲಿಸಿದರೆ ಸಾಕು. ಫೈರ್‌ವಾಲನ್ನು ತೆಗೆದುಹಾಕುವುದು ಚಿಲಕ ಬಿಗಿಯಾಯಿತೆಂದು ಬಾಗಿಲನ್ನೇ ಕಿತ್ತಂತೆ.

‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಸೂಚನೆ ಬಂದರೆ ಒಂದು ಅರ್ಥದಲ್ಲಿ ಸಮಾಧಾನದ ಸಂಗತಿ; ಸರ್ವರನ್ನು ತಲುಪಿದ್ದೇವೆ, ತಡೆ ಇರುವುದು ಅನುಮತಿಯಲ್ಲಿ ಅಥವಾ ಯಂತ್ರ ನೆನಪಿಟ್ಟುಕೊಂಡ ಹಳೆಯ ಗುಪ್ತಪದದಲ್ಲಿ. ದೊಡ್ಡ ಕಾರ್ಯಾಲಯಗಳ ಕೆರ್ಬೆರಾಸ್ ವ್ಯವಸ್ಥೆಯಲ್ಲಿ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೂ ಪ್ರವೇಶ ತಪ್ಪುವುದುಂಟು.

ಇನ್ನು ಅತ್ಯಂತ ಎಚ್ಚರ ಬೇಡುವ ಸಂದರ್ಭ. ಹಳೆಯ ಗಣಕಯಂತ್ರಗಳಿಗೆ ಕಾಣುವ ಸಂಗ್ರಹ ಪೆಟ್ಟಿಗೆ, ಹೊಸದಾಗಿ ಕೊಂಡ ಯಂತ್ರಕ್ಕೆ ಮಾತ್ರ ಕಾಣುವುದಿಲ್ಲ. ಆ ಪೆಟ್ಟಿಗೆ ಬಲ್ಲದ್ದು ಎಸ್‌ಎಂಬಿಯ ಮೊದಲ ಆವೃತ್ತಿಯನ್ನಷ್ಟೇ ಇರಬಹುದು. 2017ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಹೊಸ ಯಂತ್ರಗಳಲ್ಲಿ ಅದನ್ನು ಸಾಮಾನ್ಯವಾಗಿ ಅಳವಡಿಸುತ್ತಿಲ್ಲ. ಅದನ್ನು ಮರಳಿ ಚಾಲೂ ಮಾಡಿರೆಂಬ ಸಲಹೆ ಸುಲಭವಾಗಿ ದೊರೆಯುತ್ತದೆ, ಪೆಟ್ಟಿಗೆಯೂ ತೆರೆದುಕೊಳ್ಳುತ್ತದೆ. ಆದರೆ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ವಿಂಡೋಸ್‌ನ ಇದೇ ಮೊದಲ ಆವೃತ್ತಿಯಲ್ಲಿದ್ದ ದೋಷದ ಮೂಲಕ. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳ ಚಿಕಿತ್ಸೆಯನ್ನು ಮುಂದೂಡಬೇಕಾಯಿತು. ದೋಷವನ್ನು ಸರಿಪಡಿಸುವ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲಿಯೇ ನೀಡಿತ್ತು, ಅಳವಡಿಸದವರು ಅನೇಕರಿದ್ದರು.

ಆದುದರಿಂದ ಪೆಟ್ಟಿಗೆಯ ತಯಾರಕರಿಂದ ಹೊಸ ತಂತ್ರಾಂಶ ಲಭ್ಯವಿದೆಯೇ ಎಂದು ಮೊದಲು ವಿಚಾರಿಸಬೇಕು. ಇಲ್ಲವಾದರೆ ಹಳೆಯ ಯಂತ್ರ ಅದನ್ನು ಇನ್ನೂ ತೆರೆಯುತ್ತಿರುವಾಗಲೇ ಕಡತಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿ, ನಕಲು ಸರಿಯಾಗಿ ತೆರೆಯುವುದನ್ನು ನೋಡಿಕೊಂಡು, ಪೆಟ್ಟಿಗೆಯನ್ನು ಜಾಲದಿಂದ ಬಿಡಿಸುವುದು ಒಳಿತು.