ಮನಸ್ಸಿನ ಆರೋಗ್ಯ ಮತ್ತು ನಮ್ಮ ಮನೆಮಾತು



ಹೃದ್ರೋಗ, ಮಧುಮೇಹ, ರಕ್ತದೊತ್ತಡಗಳ ಕುರಿತು ಮಾತನಾಡಲು ವೈದ್ಯರನ್ನು ಕರೆಯುವುದು ನಮ್ಮ ಸಂಘಗಳಲ್ಲಿ ವಾಡಿಕೆ. ಮಧುಮೇಹದ ಭಾಷಣ ಮುಗಿದೊಡನೆ ಊಟದ ಸಾಲಿನಲ್ಲಿಯೇ ಜನರು ತಮ್ಮ ಸಕ್ಕರೆಯ ಅಂಕಿಗಳನ್ನು ಹೇಳಿ ಸಲಹೆ ಕೇಳುತ್ತಾರೆ. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಹಾಗಾಗುವುದಿಲ್ಲ. ಕಾರು ನಿಲ್ಲಿಸಿದ ಕಡೆಗೆ ಒಬ್ಬೊಬ್ಬರೇ ಬಂದು, "ನಮ್ಮ ಪರಿಚಯದವರೊಬ್ಬರಿಗೆ..." ಎಂದು ಆರಂಭಿಸುತ್ತಾರೆ. ಈ ವ್ಯತ್ಯಾಸ ಏಕೆ, ಅದರಿಂದ ಆಗುವ ನಷ್ಟವೇನು ಎಂಬುದೇ ಇಂದಿನ ನನ್ನ ವಿಷಯ.

ಈ ಸಂಕೋಚ ನಮ್ಮವರಿಗಷ್ಟೇ ಮೀಸಲಾದುದಲ್ಲ. ಮಕ್ಕಳನ್ನು ಕರೆದುಕೊಂಡು ನಾವೆಲ್ಲ ನೋಡಿಬರುವ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಕಟ್ಟಡ ಒಂದು ಕಾಲಕ್ಕೆ ಬೆತ್ಲೆಮ್ ಮಾನಸಿಕ ಆಸ್ಪತ್ರೆಯಾಗಿತ್ತು. 1247ರಲ್ಲಿ ಬಿಷಪ್ಸ್‌ಗೇಟಿನಲ್ಲಿ ಧರ್ಮಸಂಸ್ಥೆಯಾಗಿ ಆರಂಭವಾದ ಅದು ಸ್ಥಳ ಬದಲಿಸುತ್ತ 1930ರಲ್ಲಿ ಬೆಕನ್‌ಹ್ಯಾಮ್ ಸೇರಿತು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಜನ ಅಲ್ಲಿನ ರೋಗಿಗಳನ್ನು ನೋಡಿ ನಗಲು ಹೋಗುತ್ತಿದ್ದರು. ಗದ್ದಲಕ್ಕೆ ಇಂಗ್ಲಿಷಿನಲ್ಲಿ 'ಬೆಡ್ಲಂ' ಎಂಬ ಪದ ಬಂದದ್ದು ಆ ಆಸ್ಪತ್ರೆಯ ಹೆಸರಿನಿಂದಲೇ. ಬೆಂಗಳೂರಿನಲ್ಲಿ ಬೆಳೆದವರಿಗೆ ಇದರ ತಮ್ಮನಂಥ ಮಾತು ನೆನಪಿರಬಹುದು: "ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು." ರೋಗಿಯ ಆಶ್ರಯತಾಣವನ್ನೇ ಬೈಗುಳವನ್ನಾಗಿ ಮಾಡುವುದರಲ್ಲಿ ಎರಡು ನಗರಗಳೂ ಸಮಾನ.

ಆದರೆ ನಾವು ಹೆಮ್ಮೆಪಡಬೇಕಾದ ಚರಿತ್ರೆಯೂ ಅಲ್ಲಿಯೇ ಇದೆ. 1847ರಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರಿಂದ ಆರಂಭವಾದ ಬೆಂಗಳೂರಿನ ಆಶ್ರಯಾಲಯ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು, 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅದಕ್ಕೆ ಸೇರಿದಂತೆ ಅಖಿಲ ಭಾರತ ಶಿಕ್ಷಣ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರದಲ್ಲಿಯೇ ಮಾನಸಿಕ ಚಿಕಿತ್ಸೆ ದೊರೆಯುವಂತೆ ಈ ಸಂಸ್ಥೆ ಮಾಡಿತು. ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಯಿತು. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ನಮ್ಮ 'ರಾಶಿ', 'ಮನಮಂಥನ'ವೆಂಬ ಮನೋವಿಜ್ಞಾನದ ಗ್ರಂಥ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಈ ವಿಷಯವನ್ನು ಕನ್ನಡದಲ್ಲಿ ಆಡಲಾಗದು ಎಂಬ ನೆಪ ನಮಗಿಲ್ಲ.

ಆದರೂ ಭಾಷೆಯದೊಂದು ತೊಡಕಿದೆ. ನಮ್ಮ 'ಬೇಸರ' ಎಂಬ ಪದವನ್ನೇ ನೋಡಿ. ಹೊತ್ತು ಹೋಗದಿದ್ದರೂ ಬೇಸರ, ಸೊಸೆ ಮಾತನಾಡದಿದ್ದರೂ ಬೇಸರ, ಬದುಕೇ ಬೇಡವೆನಿಸಿದರೂ ಬೇಸರ. ಊರಿನಿಂದ ಬಂದ ತಾಯಿಯನ್ನು ಇಲ್ಲಿನ ವೈದ್ಯರು "ನಿಮಗೆ ಖಿನ್ನತೆಯಿದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಆಕೆ ಇಲ್ಲವೆನ್ನುತ್ತಾರೆ. ತಲೆಭಾರ, ಎದೆಯಲ್ಲಿ ಸಂಕಟ, ಕೈಕಾಲಿನಲ್ಲಿ ನಿಶ್ಶಕ್ತಿ, ನಸುಕಿನಲ್ಲಿ ಎಚ್ಚರ, ಹಸಿವಿಲ್ಲ ಎನ್ನುತ್ತಾರೆ. ಅವು ಸುಳ್ಳಲ್ಲ, ಖಿನ್ನತೆ ದೇಹದ ಮೂಲಕವೂ ಮಾತನಾಡುತ್ತದೆ. ಥೈರಾಯ್ಡ್ ಮತ್ತು ಬಿ-12 ಪರೀಕ್ಷೆ ಮಾಡಿಸುವುದು ಸರಿಯೇ. ಸಸ್ಯಾಹಾರಿಗಳಲ್ಲಿ ಆ ಜೀವಸತ್ವದ ಕೊರತೆ ಅಪರೂಪವಲ್ಲ. ಪರೀಕ್ಷೆಗಳೆಲ್ಲ ಸರಿಯಿದ್ದ ಮೇಲೆ "ಏನೂ ಇಲ್ಲ" ಎಂದು ಕೈತೊಳೆದುಕೊಳ್ಳುವುದು ಮಾತ್ರ ಸರಿಯಲ್ಲ. ಅಂಥ ಭೇಟಿಗೆ ಮೊಮ್ಮಗನನ್ನು ದುಭಾಷಿಯಾಗಿ ಕೂರಿಸಬೇಡಿ. ಮೊಮ್ಮಗನ ಮುಂದೆ ಯಾವ ಅಜ್ಜಿ "ಸಾಯಬೇಕೆನಿಸುತ್ತದೆ" ಎಂದಾಳು? ವೃತ್ತಿಪರ ದುಭಾಷಿಯನ್ನು ಮುಂಚಿತವಾಗಿ ಕೇಳಿದರೆ ರಾಷ್ಟ್ರೀಯ ಆರೋಗ್ಯ ಸೇವೆಯವರು ಉಚಿತವಾಗಿ ಒದಗಿಸುತ್ತಾರೆ.

ಇನ್ನು ಬಾಣಂತಿಯರು. ಹೆರಿಗೆಯಾದ ಒಂದು ವರ್ಷದೊಳಗೆ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ತಾಯಂದಿರಿಗೆ ಈ ದೇಶದಲ್ಲಿ ಖಿನ್ನತೆ ಉಂಟಾಗುತ್ತದೆ. ಊರಿನಲ್ಲಾದರೆ ಬಾಣಂತನಕ್ಕೆ ತವರಿತ್ತು. ಇಲ್ಲಿ ವೀಸಾದ ಆರು ತಿಂಗಳು ಮುಗಿದು ತಾಯಿ ವಿಮಾನ ಹತ್ತಿದ ಮೇಲೆ, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರಿನಲ್ಲಿ ಹುಡುಗಿ ಒಬ್ಬಳೇ. "ಮಗು ಚೆನ್ನಾಗಿದೆಯಲ್ಲ, ಇನ್ನೇನು ಕೊರತೆ?" ಎಂಬ ಮಾತು ಅವಳ ಬಾಯಿ ಮುಚ್ಚಿಸುತ್ತದೆ. ಅದರ ಬದಲು "ನೀನು ನಿದ್ದೆ ಮಾಡಿದೆಯಾ?" ಎಂದು ಕೇಳಿ, ಒಂದು ಡಬ್ಬಿ ಸಾರು-ಅನ್ನ ಕೊಟ್ಟು, ಎರಡು ಗಂಟೆ ಮಗುವನ್ನು ನೋಡಿಕೊಳ್ಳಿ.

"ನಾಲ್ಕು ಜನ ಏನೆಂದಾರು?" ಎಂಬ ಭಯದ ಜೊತೆಗೆ ಕೆಲಸ ಹೋದೀತೆಂಬ ಭಯವೂ ಇದೆ. ತಿಳಿದಿರಲಿ: ಜೀವಾಪಾಯದಂಥ ವಿಶೇಷ ಸಂದರ್ಭಗಳ ಹೊರತು, ವೈದ್ಯರು ನಿಮ್ಮ ವಿಷಯವನ್ನು ಉದ್ಯೋಗದಾತರಿಗಾಗಲಿ ಬಂಧುಗಳಿಗಾಗಲಿ ನಿಮ್ಮ ಒಪ್ಪಿಗೆಯಿಲ್ಲದೆ ತಿಳಿಸುವಂತಿಲ್ಲ. 2010ರ ಸಮಾನತೆಯ ಕಾಯಿದೆಯಂತೆ, ನೌಕರಿ ಕೊಡುವ ಮೊದಲೇ ಆರೋಗ್ಯದ ಪ್ರಶ್ನೆ ಕೇಳುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ದೀರ್ಘಕಾಲದ ಮಾನಸಿಕ ಕಾಯಿಲೆಯವರಿಗೆ ತಾರತಮ್ಯದಿಂದ ರಕ್ಷಣೆಯೂ ಉಂಟು. ಔಷಧದ ಬಗ್ಗೆ ಒಂದು ಮಾತು. ಖಿನ್ನತೆಯ ಮಾತ್ರೆಗಳು ನಿದ್ರೆಮಾತ್ರೆಗಳಲ್ಲ. ಗುಣ ಕಾಣಲು ಕೆಲವು ವಾರಗಳು ಬೇಕು; ಗುಣ ಕಂಡೊಡನೆ ಥಟ್ಟನೆ ನಿಲ್ಲಿಸಬಾರದು.

ಅತ್ಯಂತ ಕಠಿಣವಾದ ವಿಷಯವನ್ನು ಕೊನೆಗಿಟ್ಟುಕೊಂಡಿದ್ದೇನೆ. ಆತ್ಮಹತ್ಯೆಯ ಯತ್ನ ಈ ದೇಶದಲ್ಲಿ 1961ರವರೆಗೆ ಅಪರಾಧವಾಗಿತ್ತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆ, ಅಂಥ ಯತ್ನ ಮಾಡಿದವರನ್ನು ತೀವ್ರ ಒತ್ತಡಕ್ಕೊಳಗಾದವರೆಂದು ಭಾವಿಸಿ ಶಿಕ್ಷೆಯಿಂದ ಪಾರುಮಾಡಿತು. ಕಾನೂನು ಕರುಣೆ ತೋರಿದ ಮೇಲೂ ನಮ್ಮ ಮನೆಗಳು ಏಕೆ ಶಿಕ್ಷೆ ವಿಧಿಸಬೇಕು? ನಿಮ್ಮವರ ಬಗ್ಗೆ ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಹೊತ್ತವರ ಭಾರ ಅಲ್ಲಿಂದಲೇ ಇಳಿಯತೊಡಗುತ್ತದೆ. ಉತ್ತರ ಹೌದೆಂದಾದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಉಪದೇಶ ಮಾಡಬೇಡಿ, ಸಹಾಯಕ್ಕೆ ಕರೆಯಿರಿ.

ಈ ಸಂಖ್ಯೆಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಚಾಡ್ ವಾರಾ ಎಂಬ ಪಾದ್ರಿಗಳು 1953ರಲ್ಲಿ ಲಂಡನ್ನಿನಲ್ಲಿಯೇ ಸ್ಥಾಪಿಸಿದ ಸಮಾರಿಟನ್ಸ್: 116 123, ಹಗಲಿರುಳೂ ಉಚಿತ. ತುರ್ತು ಮಾನಸಿಕ ಸಹಾಯಕ್ಕೆ 111ಕ್ಕೆ ಕರೆ ಮಾಡಿ 2ನ್ನು ಒತ್ತಿರಿ. ಜೀವಕ್ಕೆ ಅಪಾಯವಿದ್ದರೆ 999. ಊರಿನಲ್ಲಿರುವ ತಂದೆತಾಯಿಗಳಿಗಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್: 14416, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಆತಂಕ, ಖಿನ್ನತೆಗಳ ಆಪ್ತಸಲಹೆಗೆ ಇಂಗ್ಲೆಂಡಿನಲ್ಲಿ ವೈದ್ಯರ ಚೀಟಿಯೂ ಬೇಕಿಲ್ಲ. ನೀವೇ ಹೆಸರು ಕೊಡಬಹುದು.

ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಿಗೆ ನಾವು ತಪ್ಪದೆ ಸೇರುತ್ತೇವೆ. ಮುಂದಿನ ಸಲ ಸೇರಿದಾಗ, ಎರಡು ಕಾರ್ಯಕ್ರಮಗಳಿಂದ ಕಾಣದಿರುವ ಸಂಸಾರ ಯಾವುದೆಂದು ಒಮ್ಮೆ ನೆನೆಯಿರಿ. ಮನೆಗೆ ಹೋದ ಮೇಲೆ ಅವರಿಗೊಂದು ಫೋನು ಮಾಡಿ. ಏಕೆ ಬರಲಿಲ್ಲವೆಂದು ಆಕ್ಷೇಪಿಸಬೇಡಿ, ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವವರೆಗೂ ಕಾಯಿರಿ.