ಗಿಡ ಕೊಳ್ಳುವಾಗ ಮೇ ತಿಂಗಳನ್ನು ನೆನೆಯೋಣ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ಊರಿಗೆ ಹೋದ ನಮ್ಮವರು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಹಪ್ಪಳ, ಸಾರಿನಪುಡಿಯ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಕಡ್ಡಿಯೋ ಕನಕಾಂಬರದ ಸಸಿಯೋ ಬಂದೇ ಬರುತ್ತದೆ. ಚಳಿಗಾಲವಿಡೀ ಅದು ನಳನಳಿಸುತ್ತದೆ, ಮೇ ತಿಂಗಳಲ್ಲಿ ಸುಟ್ಟು ಹೋಗುತ್ತದೆ. ಆಗ "ನನ್ನ ಕೈಗುಣವೇ ಸರಿಯಿಲ್ಲ" ಎಂದು ಕುಂಡವನ್ನೇ ಮೂಲೆಗಿಡುತ್ತೇವೆ. ತವರಿನ ಗಿಡ ಒಣಗಿದಾಗ ಆಗುವ ಸಂಕಟ ಸಣ್ಣದಲ್ಲ. ಆದರೆ ಕೈಯನ್ನು ದೂರುವ ಮೊದಲು ಗಿಡದ ಆಯ್ಕೆಯನ್ನು ನೋಡೋಣ.

ಉಡುಪಿ ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಹುಳಿ ಗುಣದ ಕೆಂಪು ಮಣ್ಣು. ಅಹಮದಾಬಾದಿನಲ್ಲಿ ಮಳೆ ಸುಮಾರು 800 ಮಿ.ಮೀ., ಅದೂ ಮೂರು ತಿಂಗಳಲ್ಲಿ ಮುಗಿಯುತ್ತದೆ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ದಾಖಲಾಯಿತು. ಜನರನ್ನು ಬಿಸಿಲಿನಿಂದ ಕಾಪಾಡಲು ಈ ನಗರ 2013ರಲ್ಲೇ ಯೋಜನೆ ಮಾಡಿಕೊಂಡಿದೆ. ಗಿಡಕ್ಕೂ ಒಂದು ಯೋಜನೆ ಬೇಡವೇ?

ಕೆನಡಾದಂಥ ಹಿಮದ ನಾಡಿನವರು ಪಿಯೋನಿ ಗಿಡ ಕೊಳ್ಳುವಾಗ "ಇದು ಎಷ್ಟು ಚಳಿ ತಡೆಯುತ್ತದೆ?" ಎಂದು ಕೇಳುತ್ತಾರೆ. ನಾವು ಕೇಳಬೇಕಾದದ್ದು "ಎಷ್ಟು ಬಿಸಿಲು ತಡೆಯುತ್ತದೆ?" ಎಂದು. ಆನ್‌ಲೈನಿನಲ್ಲಿ ಪಿಯೋನಿಯ ಚಿತ್ರ ನೋಡಿ ಮರುಳಾಗಬೇಡಿ. ದೀರ್ಘ ಚಳಿಯಿಲ್ಲದೆ ಅದು ಮೊಗ್ಗು ಬಿಡುವುದಿಲ್ಲ. ನಮ್ಮ ನರ್ಸರಿಗಳು ಅತ್ಯಂತ ಚೆಂದ ಕಾಣುವುದು ಡಿಸೆಂಬರಿನಲ್ಲಿ. ಗಿಡ ಆರಿಸುವಾಗ ಕಣ್ಣು ಡಿಸೆಂಬರಿನ ಮೇಲಿದ್ದರೂ ಮನಸ್ಸು ಮೇ ತಿಂಗಳ ಮೇಲಿರಲಿ.

ಮೊದಲು ಮಲ್ಲಿಗೆ. ಇಲ್ಲಿಯವರು 'ಮೊಗರೊ' ಎನ್ನುವುದು ನಮ್ಮ ದುಂಡು ಮಲ್ಲಿಗೆಯನ್ನೇ. ಉಡುಪಿ ಮಲ್ಲಿಗೆಯೂ ಅದೇ ಜಾತಿಯದು. ಇಲ್ಲಿನ ಬಿಸಿಲಿಗೆ ಒಗ್ಗಿದ ಮೊಗರೊ ಗಿಡವನ್ನೇ ತನ್ನಿ, ತವರಿನ ಕಡ್ಡಿಯನ್ನು ಅದರ ಪಕ್ಕದಲ್ಲಿ ಬೆಳೆಸಿ. ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಉತ್ತರಾಯಣದ ಗಾಳಿಪಟ ಮುಗಿದ ಮೇಲೆ ಗಿಡ ಸವರಿ, ಗೊಬ್ಬರ ಕೊಡಿ. ಹೊಸ ಚಿಗುರಿನಲ್ಲೇ ಹೂ ಬರುವುದು.

ಕನಕಾಂಬರಕ್ಕೆ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕು. ಪೂರ್ವದ ಬಾಲ್ಕನಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ವಡೋದರಾದಲ್ಲಿ ಮರಾಠಿ ನೆರೆಯವರನ್ನು 'ಅಬೋಲಿ' ಎಂದು ಕೇಳಿ ನೋಡಿ, ಅವರ ಮನೆಯಲ್ಲೇ ಸಸಿ ಸಿಕ್ಕೀತು.

ಸಂಪಿಗೆ ಕೇಳುವಾಗ ಎಚ್ಚರ. 'ಚಂಪೊ' ಎಂದರೆ ಇಲ್ಲಿ ಸಾಮಾನ್ಯವಾಗಿ ದೇವಕಣಗಿಲೆಯನ್ನು ತೋರಿಸುತ್ತಾರೆ. ಅದು ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುವ ಗಟ್ಟಿ ಗಿಡ, ತಾರಸಿಗೂ ಸೈ. ನಮ್ಮ ಕೆಂಡಸಂಪಿಗೆಗಾದರೋ ಆಳವಾದ, ತೇವವಿರುವ ನೆಲ ಬೇಕು. ಅಹಮದಾಬಾದಿನ ಕುಂಡದಲ್ಲಿ ಅದು ಕಷ್ಟಪಡುತ್ತದೆ. ಸೂರತ್‌ನಲ್ಲಿ ಅಂಗಳವಿದ್ದವರು ಪ್ರಯತ್ನಿಸಬಹುದು.

ಪೂಜೆಗೆ ನಾಟಿ ಕೆಂಪು ದಾಸವಾಳ, ಪಾರಿಜಾತ ಎರಡೂ ನಂಬಿಕಸ್ಥ ಗಿಡಗಳು. ಕಣಗಿಲೆ ಎಂಥ ಬಿಸಿಲಿಗೂ ಬಗ್ಗದು. ಆದರೆ ಅದರ ಎಲ್ಲ ಭಾಗವೂ ವಿಷ, ಪುಟ್ಟ ಮಕ್ಕಳಿರುವ ಮನೆಗೆ ಬೇಡ.

ಇನ್ನು ನೀರಿನ ಮಾತು. ಆರ್‌ಓ ಯಂತ್ರ ಹೊರಹಾಕುವ ನೀರು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರು ಬಹಳ ಮಂದಿ. ಅದರಲ್ಲಿ ಉಪ್ಪಿನಂಶ ಹೆಚ್ಚು. ದಿನವೂ ಹಾಕಿದರೆ ಎಲೆಯ ಅಂಚು ಕಂದಿ ಸುಡುತ್ತದೆ. ಅದು ನೆಲ ಒರೆಸಲು ಇರಲಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ತೀರಾ ಕಡಿಮೆ. ಅದನ್ನು ಬಕೆಟ್ಟಿನಲ್ಲಿ ಹಿಡಿದು ಕನಕಾಂಬರಕ್ಕೆ ಹಾಕಿ. ಬಿಸಿಲು ಹೆಚ್ಚಿದಷ್ಟೂ ಎಸಿ ಓಡುತ್ತದೆ, ಗಿಡಕ್ಕೆ ನೀರೂ ಸಿಗುತ್ತದೆ!

ಏಪ್ರಿಲ್‌ನಿಂದ ಜೂನ್‌ವರೆಗೆ ಹಸಿರು ನೆರಳುಬಲೆ ಕಟ್ಟಿ. ಮಣ್ಣಿನ ಮೇಲೆ ತೆಂಗಿನ ನಾರು ಅಥವಾ ಒಣ ಎಲೆ ಹೊದಿಸಿ. ಆ ದಿನಗಳಲ್ಲಿ ಗೊಬ್ಬರ ಬೇಡ, ಕುಂಡ ಬದಲಿಸುವುದೂ ಬೇಡ. ಸೂರತ್‌ನವರ ಚಿಂತೆ ಬೇರೆ. ಅಲ್ಲಿನ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ಮರಳು, ಎಲೆಗೊಬ್ಬರ ಬೆರೆಸಿ, ಕುಂಡದ ತೂತು ತೆರೆದಿಡಿ.

ಕೊನೆಯದಾಗಿ ಒಂದು ವಿನಂತಿ. ಊರಿನಿಂದ ಕಡ್ಡಿ ತರುವವರು ಬೇಸಿಗೆ ರಜೆಯಲ್ಲಿ ತರಬೇಡಿ, ಮಳೆ ಹಿಡಿದ ಮೇಲೆ ಆಷಾಢದಲ್ಲಿ ತನ್ನಿ. ಆಗ ನೆಟ್ಟದ್ದು ಮೇ ತಿಂಗಳಿಗೆ ಮುಂಚೆ ಬೇರೂರಲು ಹತ್ತು ತಿಂಗಳು ಸಿಗುತ್ತದೆ. ಚಿಗುರಿದ ಮೇಲೆ ಒಂದು ಕಡ್ಡಿಯನ್ನು ವೇದಿಕೆಯ ಇನ್ನೊಬ್ಬರಿಗೆ ಕೊಡಿ. ಒಂದು ಮನೆಯಲ್ಲಿ ಒಣಗಿದರೂ ತವರಿನ ಗಿಡ ಇನ್ನೊಂದು ಮನೆಯಲ್ಲಿ ಇರುತ್ತದೆ.